ಎಸೆನ್‌ಕುಲನ ನಕ್ಷತ್ರ: ತುಂಬಿದ ಬಟ್ಟಲು

ಎಸೆನ್‌ಕುಲನಿಗೆ ತನ್ನ ನಕ್ಷತ್ರದ ಸಂಖ್ಯೆ ಗೊತ್ತಿರಲಿಲ್ಲ.

"ಪ್ರತಿ ನಕ್ಷತ್ರದ ಬೆನ್ನ ಮೇಲೂ ಒಂದು ಸಂಖ್ಯೆ ಕೊರೆದಿರ್ತಾರೆ," ಎಂದಳು ಬೂರುಲ್. "ನಿನ್ನದರ ಮೇಲೆ ಎಷ್ಟಿತ್ತು?"

"ನೋಡ್ಲಿಲ್ಲ ಎಜೆ." ಹಿರಿಯ ಹೆಂಗಸನ್ನು ಎಜೆ, ಅಂದರೆ ಅಕ್ಕ, ಎನ್ನುವುದು ಅಲ್ಲಿನ ರೂಢಿ.

"ನೋಡ್ಲಿಲ್ಲ! ಸರ್ಕಾರ ನಿನ್ನ ಎದೆ ಮೇಲೆ ನಕ್ಷತ್ರ ಸಿಕ್ಕಿಸಿದೆ, ನೀನು ತಿರುಗಿಸಿ ಕೂಡ ನೋಡ್ಲಿಲ್ಲ. ಮೇಕೆ ಕೊಂಡರೂ ಬಾಲ ಎತ್ತಿ ನೋಡ್ತಾರಪ್ಪ."

"ಒಂದೇ ರಾತ್ರಿ ಇತ್ತು ನನ್ನ ಹತ್ರ. ತೊಡೇಲಿ ಗುಂಡು ಹೊಕ್ಕಿತ್ತು. ಬಾಲ ಎತ್ತಿ ನೋಡೋ ಹೊತ್ತಾ ಅದು?"

ಬೂರುಲ್ ನಗಲಿಲ್ಲ. ಅವರಿಬ್ಬರೂ ನಿಂತಿದ್ದದ್ದು ಸತ್ತವನ ಕೋಣೆಯಲ್ಲಿ. ಸತ್ತ ಮುಕಾಶ್ ಹೊರಗೆ ಅಂಗಳದಲ್ಲಿ, ಅವನಿಗಾಗಿಯೇ ಎಬ್ಬಿಸಿದ ಕಂಬಳಿ ಗುಡಾರದೊಳಗೆ ಪರದೆಯ ಹಿಂದೆ ಮಲಗಿದ್ದ. ಅವನ ಹೆಂಡತಿ ಜಿಪಾರ್ ಅದೇ ಗುಡಾರದಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಳಿತು ಹಾಡಿ ಹಾಡಿ ಅಳುತ್ತಿದ್ದದ್ದು ಕಿಟಕಿಯ ಗಾಜಿನ ಮೂಲಕವೂ ಕೇಳುತ್ತಿತ್ತು. ಗಂಡಸರು ಬೀದಿಯ ತಿರುವಿನಿಂದಲೇ "ಅಯ್ಯೋ ನನ್ನ ತಮ್ಮಾ" ಎಂದು ಕೂಗುತ್ತ ಬಂದು, ಗುಡಾರದ ಹೊರಗೆ ಕೋಲೂರಿ ಸಾಲಾಗಿ ನಿಲ್ಲುತ್ತಿದ್ದರು.

ಎಸೆನ್‌ಕುಲ್ ಕೂಡ ಬೆಳಿಗ್ಗೆ ಕೂಗುತ್ತಲೇ ಬಂದಿದ್ದ. ಅವನ ಕೂಗಿನಲ್ಲಿ ದುಃಖದ ಜತೆ ಇನ್ನೊಂದೂ ಇತ್ತು. ಅದು ಭಯವೆಂದು ಯಾರಿಗೂ ತಿಳಿಯದಿರಲೆಂದು ಅವನು ಎಲ್ಲರಿಗಿಂತ ಜೋರಾಗಿ ಅತ್ತಿದ್ದ.

ಕಾರಾ-ಜಾರ್ ಊರಿನಲ್ಲಿ ಅವನನ್ನು ಬೆನ್ನ ಹಿಂದೆ ಮೊಲ ಎನ್ನುತ್ತಿದ್ದರು. ಆಫ್ಘನ್ ಯುದ್ಧದಲ್ಲಿ ಮೆಷಿನ್‌ಗನ್ ಬಿಟ್ಟು ಓಡಿದವನು ಎಂಬ ಮಾತು ಅವನಿಗಿಂತ ಮೊದಲೇ ಊರಿಗೆ ಬಂದು ಕುಳಿತಿತ್ತು. ನಿಜ ಬೇರೆಯೇ ಇತ್ತು. ಅವನಿಗೆ ಕೆಂಪು ನಕ್ಷತ್ರ ಕೊಟ್ಟಿದ್ದರು, ಶೌರ್ಯದ ಬೆಳ್ಳಿ ಪದಕವನ್ನೂ ಕೊಟ್ಟಿದ್ದರು. ಎರಡೂ ಕಾಬೂಲಿನ ಆಸ್ಪತ್ರೆಯಲ್ಲಿ ದಿಂಬಿನಡಿಯಿಂದ ಹೋದವು. ಜತೆಗಿದ್ದ ಕಾಗದವೂ ಹೋಯಿತು. ಅವನ ಸೇನಾ ಪುಸ್ತಕದಲ್ಲಿ ಪದಕಗಳ ಪುಟ ಖಾಲಿಯೇ ಉಳಿಯಿತು. ಖಾಲಿ ಪುಟ ಹಿಡಿದುಕೊಂಡು ಯಾರ ಹತ್ತಿರ ಏನು ವಾದ ಮಾಡುವುದು? ಇಪ್ಪತ್ತನಾಲ್ಕು ವರ್ಷ ಅವನು ಶಾಲೆಯ ನೆಲಮಾಳಿಗೆಯಲ್ಲಿ ಬಾಯ್ಲರ್‌ಗೆ ಕಲ್ಲಿದ್ದಲು ಎಸೆಯುತ್ತ ಸುಮ್ಮನಿದ್ದ.

ಕಳೆದ ಶರತ್ಕಾಲದಲ್ಲಿ ಮಗಳಿಗೆ ಬಂದಿದ್ದ ಸಂಬಂಧವೊಂದು "ಮೊಲದ ಮನೆಯ ಹೆಣ್ಣು ಬೇಡ" ಎಂದು ಮುರಿದುಬಿತ್ತು. ಆಮೇಲೆ ಅವನು ಸುಮ್ಮನಿರಲಿಲ್ಲ. ದಾಖಲೆ ತಿದ್ದಿಕೊಡಿ ಎಂದು ಅರ್ಜಿ ಹಾಕಿದ. ಜತೆಯಲ್ಲಿದ್ದ ಇಬ್ಬರು ಸೈನಿಕರು ಖುದ್ದಾಗಿ ಬಂದು ಸಾಕ್ಷಿ ಹೇಳಿದರೆ, ಅಂದಿನ ಲೆಫ್ಟಿನೆಂಟ್ ಬರೆದ ಮೂಲ ಶಿಫಾರಸನ್ನು ಹಳೆಯ ಉಗ್ರಾಣದಿಂದ ತೆಗೆಸುತ್ತೇವೆ ಎಂಬ ಉತ್ತರ ಬಂತು. ಜತೆಯಲ್ಲಿದ್ದವರಲ್ಲಿ ಬದುಕಿದ್ದದ್ದೇ ಇಬ್ಬರು. ಮುಕಾಶ್ ಒಪ್ಪಿದ. ಶರ್ಶೆನ್ ಒಪ್ಪಿದ.

ಮುಕಾಶ್ ಮೊನ್ನೆ, ಹೊಗೆ ಕೊಳವೆಯ ತಗಡು ಮುಚ್ಚಿಕೊಂಡಿದ್ದ ಒಲೆಯ ವಿಷಹೊಗೆಗೆ ಸತ್ತ. ಆಕಸ್ಮಿಕ ಎಂದು ಬರೆದುಕೊಂಡು ಪೊಲೀಸರು ಹೋದರು.

"ಇಲ್ಲಿ ಬಾ," ಎಂದಳು ಬೂರುಲ್.

ಅರವತ್ತು ದಾಟಿದ, ದೊಡ್ಡ ಮೈಯ ಹೆಂಗಸು. ಒಂದು ಕಾಲಕ್ಕೆ ಇಡೀ ಜಿಲ್ಲೆಯ ಕೊಲೆಗಳೆಲ್ಲ ಅವಳ ಮೇಜಿಗೇ ಬರುತ್ತಿದ್ದವು. ಈಗ ಸಂತೆಯಲ್ಲಿ ಉಣ್ಣೆ ಕಾಲುಚೀಲ ಮಾರುತ್ತಾಳೆ. ಕೋಣೆಯಲ್ಲಿ ಏನನ್ನೂ ಮುಟ್ಟಬೇಡಿರೆಂದು ಜಿಪಾರಳಿಗೆ ಹೇಳಿ ಬೀಗ ಹಾಕಿಸಿದವಳು ಅವಳೇ.

ಗಿಡ್ಡ ಮೇಜಿನ ಮೇಲೆ ಎರಡು ಬಟ್ಟಲು ಇದ್ದವು. ಬಾಗಿಲಿಗೆ ಎದುರಾದ ಮೇಲಿನ ಸ್ಥಾನದಲ್ಲಿ ಯಜಮಾನನ ಕೌದಿ, ಅದರ ಮುಂದೆ ಒಂದು ಬಟ್ಟಲು. ಬಾಗಿಲ ಬದಿಯಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಚಹಾದ ಕುಡಿಕೆ.

"ಕುಡಿಕೆ ಯಾರ ಕಡೆ ಇದೆ?"

"ಬಾಗಿಲ ಕಡೆ ಕೂತವನ ಹತ್ರ."

"ಅಂದ್ರೆ ಬಡಿಸಿದ್ದು ಯಾರು?"

"ಬಂದವನೇ."

"ನಮ್ಮಲ್ಲಿ ಯಾರಪ್ಪ ಬಡಿಸೋದು?"

"ಕೂತವರಲ್ಲಿ ಕಿರಿಯ."

"ಮುಕಾಶನಿಗಿಂತ ಚಿಕ್ಕೋನು. ಸರಿ. ಈಗ ಯಜಮಾನನ ಬಟ್ಟಲು ನೋಡು."

ಎಸೆನ್‌ಕುಲ್ ಬಗ್ಗಿ ನೋಡಿದ. ಹಾಲು ಬೆರೆಸಿದ ಚಹಾ ಕೆನೆಗಟ್ಟಿ, ಒಲೆ ಆರಿದ ಕೋಣೆಯ ಚಳಿಗೆ ಅದರ ಮೇಲೆ ತೆಳ್ಳನೆ ಮಂಜುಗಡ್ಡೆ ಕಟ್ಟಿತ್ತು. ಮೊದಲು ಅವನಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

ಬಟ್ಟಲು ಅಂಚಿನವರೆಗೆ ತುಂಬಿತ್ತು.

"ಹಿರಿಯರಿಗೆ ಎಷ್ಟು ಬಡಿಸ್ತಾರೆ?"

"ಅರ್ಧ. ಅರ್ಧಕ್ಕಿಂತ ಕಮ್ಮಿ. ಮತ್ತೆ ಮತ್ತೆ ಬಡಿಸೋಕೆ."

"ಅಂಚಿನ ತನಕ ತುಂಬಿಸಿದ್ರೆ?"

ಬೂರುಲ್ ತಾನೇ ಹೇಳಿದಳು: "ಕುಡಿದು ಎದ್ದು ಹೋಗು ಅಂತ. ಅತಿಥಿಗೆ ಹೇಳೋ ಮಾತು. ಇಲ್ಲಿ ಅತಿಥಿ ಕೂತ್ಕೊಂಡು ಯಜಮಾನನಿಗೇ ಹೇಳಿದಾನೆ. ಬೇಕಂತ ಮಾಡಿರೋಲ್ಲ. ತಲೇಲಿ ಇದ್ದದ್ದು ಕೈಗೆ ಇಳಿದಿದೆ, ಅಷ್ಟೆ. ಅವನಿಗೇ ಗೊತ್ತಿರಲಿಕ್ಕಿಲ್ಲ."

"ಎಜೆ, ನಾನೂ ಮುಕಾಶನಿಗಿಂತ ಚಿಕ್ಕೋನೇ."

"ಅದನ್ನೇ ನಾನೂ ಯೋಚನೆ ಮಾಡ್ತಿದ್ದೆ," ಎಂದಳು ಬೂರುಲ್, ಅವನ ಮುಖವನ್ನೇ ನೋಡುತ್ತ. "ಪೊಲೀಸರೂ ನಾಳೆ ಯೋಚನೆ ಮಾಡ್ತಾರೆ. ನೀನು ಆ ಸಂಜೆ ಎಲ್ಲಿದ್ದೆ?"

"ಶಾಲೇಲಿ. ಬಾಯ್ಲರ್ ಹತ್ರ."

"ನೋಡಿದೋರು?"

"ಬಾಯ್ಲರ್."

"ಚೆನ್ನಾಯ್ತು. ಅದನ್ನೂ ಸಾಕ್ಷಿಗೆ ಕರೆಸೋಣ."

ಹೊರಗೆ ಕಾರು ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದರೆ ನಿವೃತ್ತ ಮೇಜರ್ ತೆಮಿರ್‌ಖಾನ್ ಇಳಿಯುತ್ತಿದ್ದ, ಮಾಜಿ ಸೈನಿಕರ ಸಂಘದ ಅಧ್ಯಕ್ಷ. ತುಪ್ಪಳದ ಕೋಟಿನ ಗುಂಡಿಗಳನ್ನು ಬೇಕೆಂತಲೇ ಬಿಚ್ಚಿಟ್ಟಿದ್ದ. ಒಳಗೆ ಎದೆಯ ಮೇಲೆ ಕೆಂಪು ನಕ್ಷತ್ರ ಹೊಳೆಯುತ್ತಿತ್ತು.

"ಅವನನ್ನ ಅಡುಗೆ ಕೋಣೆಗೆ ಕರಕೊಂಡು ಬಾ," ಎಂದಳು ಬೂರುಲ್. "ಅತ್ತು ಮುಗಿಸಲಿ, ಆಮೇಲೆ."

*

ತೆಮಿರ್‌ಖಾನ್ ಬಂದವನೇ ಅಡುಗೆ ಕೋಣೆಯಲ್ಲೂ ಮೇಲಿನ ಸ್ಥಾನ ಹುಡುಕಿ ಕುಳಿತ. ಎಸೆನ್‌ಕುಲನ ಕಡೆ ತಿರುಗಿ ನೋಡಲೂ ಇಲ್ಲ.

"ಬೇಗ ಹೇಳು ಬೂರುಲ್. ಜನಾಜಾ ಪ್ರಾರ್ಥನೆಗೆ ನಿಲ್ಲಬೇಕು."

"ಚಹಾ ಕುಡಿಯೋಣ ಮೇಜರ್. ನೀವೇ ಬಡಿಸಿ."

"ನಾನಾ?" ಅವನ ಹುಬ್ಬು ಟೊಪ್ಪಿಯವರೆಗೆ ಏರಿತು. "ಈ ಮೊಲ ಇಲ್ಲಿ ಕೂತಿರೋವಾಗ ನಾನು ಬಡಿಸಬೇಕಾ? ನಾನು ಕುಡಿಕೆ ಮುಟ್ಟಿ ಮೂವತ್ತು ವರ್ಷ ಆಯ್ತು. ಲೋ, ಬಡಿಸೋ."

ಬೂರುಲ್ ಎಸೆನ್‌ಕುಲನ ಕಡೆ ಒಮ್ಮೆ ನೋಡಿದಳು. ಆ ಸಂಜೆ ಬಡಿಸಿದ್ದು ಇವನಲ್ಲ ಎಂದಂತಿತ್ತು ಆ ನೋಟ. ಎಸೆನ್‌ಕುಲ್ ಬಡಿಸಿದ. ಕೈ ತಪ್ಪಿ ಚಹಾ ಅರ್ಧ ದಾಟಿ ಮೇಲೆ ಬಂತು.

"ಸಾಕು ಸಾಕು! ಓಡಿಸ್ತಿದೀಯೇನೋ ನನ್ನ?" ಎಂದು ತೆಮಿರ್‌ಖಾನ್ ನಕ್ಕ. "ನೋಡು ಬೂರುಲ್, ತಾನು ಓಡಿದ್ದು ಸಾಲದು ಅಂತ ಈಗ ಬೇರೆಯೋರನ್ನೂ ಓಡಿಸ್ತಾನೆ."

ಎಸೆನ್‌ಕುಲನಿಗೆ ಆ ಮಾತು ತಾಗಲಿಲ್ಲ. ಅವನ ಕಣ್ಣು ನಕ್ಷತ್ರದ ಮೇಲಿತ್ತು. ಇಷ್ಟು ಹತ್ತಿರದಿಂದ ಅದನ್ನು ಅವನು ನೋಡಿರಲಿಲ್ಲ. ಮೆರವಣಿಗೆಗಳಲ್ಲಿ ಅಧ್ಯಕ್ಷರು ವೇದಿಕೆಯ ಮೇಲೆ, ಮೊಲಗಳು ಬೇಲಿಯ ಆಚೆ. ಐದು ಮೊನೆಗಳು. ಎಡಗಡೆಯ ಕೆಳಗಿನ ಮೊನೆಯಲ್ಲಿ ಕೆಂಪು ಎನಾಮಲ್ ಒಂದು ಚೂರು ಎದ್ದುಹೋಗಿ ಲೋಹ ಕಾಣುತ್ತಿತ್ತು.

ಅವನ ನಾಲಗೆ ತಾನಾಗಿಯೇ ಮುಂದಿನ ಮುರಿದ ಹಲ್ಲನ್ನು ಮುಟ್ಟಿತು.

ಆಸ್ಪತ್ರೆಯಲ್ಲಿ ಮುಕಾಶ್ ಎಲ್ಲಿಂದಲೋ ಸ್ಪಿರಿಟ್ ತಂದಿದ್ದ. ನಕ್ಷತ್ರವನ್ನು ತಗಡಿನ ಲೋಟಕ್ಕೆ ಹಾಕಿ ಮೇಲೆ ಸುರಿದರು. ಹೊಸ ಪದಕ ಬಂದವನು ತಳದಲ್ಲಿರುವ ಪದಕ ಹಲ್ಲಿಗೆ ತಾಗುವವರೆಗೆ ಒಂದೇ ಉಸಿರಿಗೆ ಕುಡಿಯಬೇಕು, ಹಲ್ಲಿನಲ್ಲೇ ಅದನ್ನು ಹಿಡಿದೆತ್ತಬೇಕು. ತೊಡೆಯ ನೋವಿಗೆ ಎಸೆನ್‌ಕುಲ್ ಬೇಕಾದ್ದಕ್ಕಿಂತ ಗಟ್ಟಿಯಾಗಿ ಕಚ್ಚಿದ್ದ. ಹಲ್ಲೂ ಮುರಿಯಿತು, ನಕ್ಷತ್ರದ ಮೊನೆಯೂ ಚಕ್ಕೆ ಎದ್ದಿತು. "ಇನ್ನು ಇದು ನಿಂದೇ ಅಂತ ಯಾರಿಗಾದ್ರೂ ಗೊತ್ತಾಗುತ್ತೆ," ಎಂದು ನಕ್ಕವನು ಶರ್ಶೆನ್. ಬೆಳಗಾಗುವಷ್ಟರಲ್ಲಿ ದಿಂಬಿನಡಿ ಏನೂ ಇರಲಿಲ್ಲ.

"ಅದು ನಂದು," ಎಂದ ಎಸೆನ್‌ಕುಲ್. ದನಿ ಅವನಿಗೇ ಸರಿಯಾಗಿ ಕೇಳಲಿಲ್ಲ.

"ಏನಂದೆ?"

"ಅದು ನನ್ನ ನಕ್ಷತ್ರ, ಬಾಯ್ಕೆ. ಆ ಚಕ್ಕೆ ಹೋಗಿರೋದು ನನ್ನ ಹಲ್ಲಿಂದ." ಆಗಲೂ ಅವನನ್ನು ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆದಿದ್ದ.

ತೆಮಿರ್‌ಖಾನ್ ಬಟ್ಟಲನ್ನು ಕೆಳಗಿಟ್ಟ. ಮುಖ ಕೆಂಪಗಾಗಿ, ಆಮೇಲೆ ಬಿಳುಪೇರಿತು. "ಬಾಯಿ ಮುಚ್ಚು. ನನಗೆ ನಕ್ಷತ್ರ ಬಂದಾಗ ನೀನು ಇನ್ನೂ ಶಾಲೇಲಿ ಮೂಗು ಒರೆಸ್ಕೋತಿದ್ದೆ."

"ನಿಮಗೆ ಬಂದದ್ದು ನಿಜ ಮೇಜರ್," ಎಂದಳು ಬೂರುಲ್ ಮೆತ್ತಗೆ. "ನಿಮ್ಮ ಪದಕದ ಪುಸ್ತಕ ಮನೇಲಿದೆ. ಅದರಲ್ಲಿ ಸಂಖ್ಯೆ ಬರೆದಿರುತ್ತೆ. ಇದನ್ನ ಬಿಚ್ಚಿ ಬೆನ್ನು ನೋಡೋಣ, ಪುಸ್ತಕ ತರಿಸೋಣ. ಎರಡೂ ಒಂದೇ ಆದ್ರೆ ಎಸೆನ್ ನಿಮ್ಮ ಕಾಲಿಗೆ ಬೀಳ್ತಾನೆ. ನಾನೂ ಬೀಳ್ತೀನಿ. ಏಳೋದು ಕಷ್ಟ, ಆದ್ರೂ ಬೀಳ್ತೀನಿ."

ಎಸೆನ್‌ಕುಲನಿಗೆ ಗೊತ್ತಿಲ್ಲದ ಸಂಖ್ಯೆ ಈಗ ಬೇಕಾಗಿಯೇ ಇರಲಿಲ್ಲ. ತೆಮಿರ್‌ಖಾನನ ಸಂಖ್ಯೆಯೇ ಸಾಕಿತ್ತು. ಅದು ಎಸೆನ್‌ಕುಲನಿಗೆ ಅರ್ಥವಾಗುವ ಮೊದಲೇ ತೆಮಿರ್‌ಖಾನನಿಗೆ ಅರ್ಥವಾಯಿತು.

ಅಂಗಳದಿಂದ ಜಿಪಾರಳ ಹಾಡು ಕೇಳುತ್ತಿತ್ತು. ಮೇಜರ್ ಬಟ್ಟಲನ್ನು ದೂರ ತಳ್ಳಿದ.

"ನಂದು ಕಳೆದುಹೋಯ್ತು," ಎಂದ ಕೊನೆಗೆ. "ಎರಡು ವರ್ಷದ ಹಿಂದೆ. ಸರೋವರದ ದಂಡೇಲಿ ಕುಡಿದು ಮಲಗಿದ್ದೆ. ಎದ್ದಾಗ ಕೋಟೇ ಇರಲಿಲ್ಲ. ಸಂಘದ ಅಧ್ಯಕ್ಷ ಬರಿ ಎದೇಲಿ ವೇದಿಕೆ ಹತ್ತೋದು ಹೇಗೆ? ಎಲ್ಲರಿಗೂ ಉತ್ತರ ಹೇಳಬೇಕಲ್ಲ."

"ಇದನ್ನ ಕೊಟ್ಟೋರು ಯಾರು?"

"ಸತ್ತ ಸೈನಿಕನೊಬ್ಬನ ತಾಯಿ ಮಾರಿದ್ದು, ಇಟ್ಕೊಳ್ಳಿ ಬಾಯ್ಕೆ ಅಂದ. ನನಗೇನು ಗೊತ್ತು ಯಾರದು ಅಂತ? ಹೋಗಿ ಅವನನ್ನೇ ಕೇಳಿ."

"ಯಾರನ್ನ?"

"ಶರ್ಶೆನ್‌ನ."

ಎಸೆನ್‌ಕುಲ್ ಕುಡಿಕೆಯನ್ನು ಹಿಡಿದುಕೊಂಡೇ ಇದ್ದ. ಅದು ಸುಡುತ್ತಿದ್ದದ್ದು ಅವನಿಗೆ ತಡವಾಗಿ ಗೊತ್ತಾಯಿತು.

ಶರ್ಶೆನ್. ಮೂವರಲ್ಲಿ ಎಲ್ಲರಿಗಿಂತ ಕಿರಿಯ. ಎಲ್ಲಿ ಕುಳಿತರೂ ಬಾಗಿಲ ಬದಿಯಲ್ಲಿ ಕುಳಿತು ಚಹಾ ಬಡಿಸುವವನು. ಊರೆಲ್ಲ ಮೊಲ ಎನ್ನುವಾಗ ಎಸೆನ್ ಬಾಯ್ಕೆ ಎಂದು ಕರೆಯುತ್ತಿದ್ದ ಒಬ್ಬನೇ ಮನುಷ್ಯ.

ಬೂರುಲ್ ಕೈ ಚಾಚಿದಳು. ತೆಮಿರ್‌ಖಾನ್ ಕೋಟಿನೊಳಗೆ ಬೆರಳು ತೂರಿಸಿ ಹಿಂಬದಿಯ ತಿರುಪು ಬಿಚ್ಚಿ, ನಕ್ಷತ್ರವನ್ನು ಅವಳ ಅಂಗೈಗೆ ಹಾಕಿದ. ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಒಂದು ಮಾತೂ ಆಡದೆ ಹೊರಗೆ ಹೋದ. ಹಿಂದಿನಿಂದ ನೋಡಿದರೆ ಇದ್ದಕ್ಕಿದ್ದಂತೆ ಮುದುಕನಾಗಿದ್ದ.

"ಇದು ನನ್ನ ಹತ್ರ ಇರಲಿ," ಎಂದಳು ಬೂರುಲ್. "ನಿನ್ನ ಜೇಬಿಗೆ ಹೋದ್ರೆ ಇದು ಬರೀ ತಗಡು. ನನ್ನ ಹತ್ರ ಇದ್ರೆ ಸಾಕ್ಷ್ಯ. ನೀನು ಈಗ ಏನೂ ಗೊತ್ತಿಲ್ಲದೋನ ಥರ ಇರು. ಅವನ ಹತ್ರ ಒಬ್ಬನೇ ಇರಬೇಡ. ಜನರ ಮಧ್ಯೆ ನಿಲ್ಲು."

ಆಗಲೇ ಬಾಗಿಲು ಅರ್ಧ ತೆರೆದು ಶರ್ಶೆನ್ ತಲೆ ಹಾಕಿದ. ಮೀಸೆಯ ಮೇಲೆ ಮಂಜು. ಅತ್ತು ಅತ್ತು ಕಣ್ಣು ಊದಿತ್ತು. ಅಳು ನಿಜವೇ ಇತ್ತು. ಅದೇ ಎಸೆನ್‌ಕುಲನಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಬಾಯ್ಕೆ, ಏಳಿ. ಗೋರಿ ಸಿದ್ಧ ಆಗಿದೆ. ಒಳಗಿಳಿದು ಮುಕಾಶ್ ಬಾಯ್ಕೆನ ಮಲಗಿಸೋದು ನಾವಿಬ್ಬರೇ ಅಂತ ಎಲ್ಲರಿಗೂ ಹೇಳಿದೀನಿ. ಜತೇಲಿ ಗುಂಡು ತಿಂದೋರು ನಾವಲ್ವಾ."

ಎಸೆನ್‌ಕುಲ್ ಬೂರುಲ್ ಕಡೆ ನೋಡಿದ. ಅವಳ ಮುಖದಲ್ಲಿ ಮೊದಲ ಸಲ ಏನೂ ತೋಚದವರ ಭಾವ ಕಂಡಿತು. ಗೋರಿಗುಡ್ಡಕ್ಕೆ ಹೆಂಗಸರು ಹೋಗುವುದಿಲ್ಲ. ಸತ್ತವನ ಜತೆಗಾರನನ್ನು ಹೆಸರು ಹಿಡಿದು ಕರೆದರೆ ಒಲ್ಲೆ ಎನ್ನುವ ಹಾಗೂ ಇಲ್ಲ. ಇಂದು ಒಲ್ಲೆ ಎಂದರೆ ಅವನು ಸಾಯುವವರೆಗೂ ಮೊಲವೇ.

"ಬಂದೆ," ಎಂದ.

*

ನೆಲ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಹಿಂದಿನ ದಿನವೆಲ್ಲ ಹಳೆಯ ಟೈರುಗಳನ್ನು ಸುಟ್ಟು ಮಣ್ಣನ್ನು ಮೆತ್ತಗೆ ಮಾಡಿ ಅಗೆದಿದ್ದರು. ಗುಂಡಿಯ ಸುತ್ತ ಹಿಮ ಕಪ್ಪಗಾಗಿ ರಬ್ಬರಿನ ವಾಸನೆ ಹೊಡೆಯುತ್ತಿತ್ತು. ಗುಂಡಿಯ ಆಳದಲ್ಲಿ, ಪಕ್ಕದ ಗೋಡೆಗೆ, ಒಬ್ಬ ಮನುಷ್ಯ ತೆವಳಿ ನುಗ್ಗುವಷ್ಟು ತೂತು. ಅದರ ಆಚೆಗೆ ಶವದ ಕೋಣೆ. ಅಲ್ಲಿ ಕೂರಬಹುದು, ನಿಲ್ಲಲಾಗದು.

ತೆಮಿರ್‌ಖಾನ್ ಗುಂಪಿನಲ್ಲಿ ಮುಂದೆಯೇ ನಿಂತಿದ್ದ, ಕೋಟಿನ ಗುಂಡಿ ಹಾಕಿಕೊಂಡು. ಎಸೆನ್‌ಕುಲ್ ಅವನ ಕಡೆ ನೋಡಿದ. ಅವನು ಮುಲ್ಲಾನ ಕಡೆ ತಿರುಗಿಕೊಂಡ.

ಶರ್ಶೆನ್ ಬೂಟು ಬಿಚ್ಚಿದ. "ನೀವು ಮೊದಲು ಬಾಯ್ಕೆ. ಹಿರಿಯರು."

ಅಂದರೆ ಒಳಗೆ ಹೋಗುವುದು ಮೊದಲು, ಹೊರಗೆ ಬರುವುದು ಕೊನೆಗೆ. ತೂತಿನ ಬಾಯಿಯ ಹತ್ತಿರ ಇರುವವನು ಶರ್ಶೆನ್.

ಎಸೆನ್‌ಕುಲ್ ಬರಿಗಾಲಿನಲ್ಲಿ ತೆವಳಿ ಒಳಗೆ ಹೋದ. ಹೊರಗಿನ ಚಳಿಗೆ ಹೋಲಿಸಿದರೆ ಒಳಗೆ ಬೆಚ್ಚಗಿತ್ತು. ಆ ಬೆಚ್ಚನೆಯೇ ಅವನಿಗೆ ಆಗಿಬರಲಿಲ್ಲ. ಶರ್ಶೆನ್ ಹಿಂದೆಯೇ ಬಂದು ಬೆಳಕಿಗೆ ಅಡ್ಡವಾದ. ಮೇಲಿನಿಂದ ಬಿಳಿಬಟ್ಟೆಯ ಮುಕಾಶ್ ಕೈಯಿಂದ ಕೈಗೆ ಇಳಿದು ಬಂದ. ಇಬ್ಬರೂ ಎಳೆದುಕೊಂಡರು. ದೊಡ್ಡ ಮನುಷ್ಯ, ಭಾರವಿದ್ದ. ಒಲೆಯ ಹೊಗೆಯ ವಾಸನೆ ಇನ್ನೂ ಬಿಟ್ಟಿರಲಿಲ್ಲ ಅಥವಾ ಎಸೆನ್‌ಕುಲನಿಗೆ ಹಾಗನ್ನಿಸಿತು.

ಮೇಲೆ ಮುಲ್ಲಾ ಓದತೊಡಗಿದ. ಆ ದನಿಗೆ ಕೆಳಗಿನ ಮಾತು ಮೇಲಕ್ಕೆ ಹೋಗುವಂತಿರಲಿಲ್ಲ.

"ಮೇಜರ್ ಕೋಟಿನ ಗುಂಡಿ ಹಾಕ್ಕೊಂಡು ಬಂದಿದಾನೆ," ಎಂದ ಶರ್ಶೆನ್, ಮುಕಾಶನ ಮುಖವನ್ನು ಪಶ್ಚಿಮಕ್ಕೆ ತಿರುಗಿಸುತ್ತ. "ನಿಮ್ಮ ಮುಖಾನೂ ನೋಡಿದೆ. ನಿಮಗೆ ಸುಳ್ಳು ಮುಖ ಇಟ್ಕೊಳ್ಳೋಕೆ ಯಾವತ್ತೂ ಬರಲಿಲ್ಲ ಬಾಯ್ಕೆ."

ಎಸೆನ್‌ಕುಲನ ಮಂಡಿಗೆ ಸತ್ತವನ ಮಂಡಿ ತಾಗಿತ್ತು.

"ಅರ್ಜಿ ವಾಪಸ್ ತಗೊಳ್ಳಿ."

"ಯಾಕೋ? ಯಾಕೋ ಹೀಗೆ ಮಾಡಿದೆ ನೀನು?"

"ಲೆಫ್ಟಿನೆಂಟ್ ಏನು ಬರೆದಿದ್ದ ಗೊತ್ತಾ? ನೀವು ಓದಲಿಲ್ಲ. ನೀವು ಜ್ವರದಲ್ಲಿದ್ರಿ. ನಾನು ಓದಿದೆ." ಶರ್ಶೆನ್ ಶವದ ಬಟ್ಟೆಯ ಗಂಟು ಬಿಚ್ಚುತ್ತಿದ್ದ. "ಸೈನಿಕ ಶರ್ಶೆನ್ ಮೆಷಿನ್‌ಗನ್ ಬಿಟ್ಟು ಓಡಿಹೋದ ಮೇಲೆ ಆ ಜಾಗವನ್ನು ಹಿಡಿದು, ಅಂತ ಶುರು ಆಗುತ್ತೆ ನಿಮ್ಮ ಶೌರ್ಯ. ನಾನು ಓಡದೆ ಇದ್ದಿದ್ರೆ ನಿಮಗೆ ನಕ್ಷತ್ರವೇ ಇಲ್ಲ ಬಾಯ್ಕೆ."

"ಓಡಿದ್ದು ನೀನು. ಊರಿಗೆ ಬಂದು ನನ್ನ ಹೆಸರು ಹೇಳಿದ್ದೂ ನೀನಾ?"

"ಯಾರಾದ್ರೂ ಒಬ್ಬ ಓಡಿರಲೇಬೇಕಿತ್ತಲ್ಲ. ಕೇಳೋರು ಕೇಳ್ತಿದ್ರು."

ಎಷ್ಟು ಸಲೀಸಾಗಿ ಹೇಳಿದ! ಚಹಾಕ್ಕೆ ಉಪ್ಪು ಬೇಕಾ ಎಂದು ಕೇಳುವ ದನಿ. ಎಸೆನ್‌ಕುಲನಿಗೆ ಕೋಪ ಬರಬೇಕಿತ್ತು. ಕೋಪಕ್ಕೆ ಅಲ್ಲಿ ಜಾಗವಿರಲಿಲ್ಲ. ಗಾಳಿಯೇ ಸಾಲುತ್ತಿರಲಿಲ್ಲ.

"ಮತ್ತೆ ಸಾಕ್ಷಿ ಹೇಳ್ತೀನಿ ಅಂತ ಯಾಕೆ ಒಪ್ಪಿದೆ?"

"ನಾನು ಒಪ್ಪಿದ್ರೆ ನೀವು ಬೇರೆ ದಾರಿ ಹುಡುಕೋದಿಲ್ಲ ಅಂತ. ಕೊನೆ ದಿನ ಕಾಯಿಲೆ ಬೀಳೋಣ ಅಂತಿದ್ದೆ. ನನ್ನ ಮಗ ಸೇನಾ ಶಾಲೇಲಿದಾನೆ, ಗೊತ್ತಲ್ಲ. ಅಪ್ಪನ ಕಥೆ ಹೇಳ್ಕೊಂಡು ಎದೆ ಉಬ್ಬಿಸ್ಕೊಂಡು ತಿರುಗ್ತಾನೆ. ಅವನಿಗೆ ಯಾವ ಮುಖ ತೋರಿಸಲಿ?"

"ನನ್ನ ಮಗಳಿಗೆ ನಾನು ಯಾವ ಮುಖ ತೋರಿಸಿದೆನೋ ಅದನ್ನೇ."

ಶರ್ಶೆನ್ ಅಂಗಿಯೊಳಗೆ ಕೈ ಹಾಕಿ ಏನನ್ನೋ ತೆಗೆದ. ತೂತಿನಿಂದ ಬಂದ ಸ್ವಲ್ಪ ಬೆಳಕಿನಲ್ಲಿ ಬೆಳ್ಳಿ ಹೊಳೆಯಿತು. ಗುಂಡನೆಯ ಪದಕ. ಹೆಂಡತಿಯ ಒಡವೆಯಂತೆ ಒರೆಸಿ ಇಟ್ಟಿದ್ದ.

"ಎಸೆಯೋಕೆ ಆಗಲಿಲ್ಲ," ಎಂದ. "ಎಷ್ಟೋ ಸಲ ನದಿ ತನಕ ಹೋಗಿದೀನಿ. ಎಸೆಯೋಕೆ ಕೈ ಬರಲಿಲ್ಲ. ನಕ್ಷತ್ರಾನ ಮೇಜರ್ ಎದೇಲಿ ಯಾರೂ ಹುಡುಕೋಲ್ಲ ಅಂತ ಕೊಟ್ಟೆ. ಇದು ಉಳೀತು."

ಎಸೆನ್‌ಕುಲ್ ಕೈ ಚಾಚಿದ. ಶರ್ಶೆನ್ ಪದಕವನ್ನು ಮುಕಾಶನ ಎದೆಯ ಮೇಲೆ, ಬಿಳಿಬಟ್ಟೆಯ ಮಡಿಕೆಯೊಳಗೆ ಆಳವಾಗಿ ತೂರಿಸಿದ. ಆಮೇಲೆ ಆ ಮಡಿಕೆಯ ಮೇಲೆ ಅಂಗೈ ಇಟ್ಟು ಒತ್ತಿ ಹಿಡಿದ.

"ತಗೊಳ್ಳಿ. ಸತ್ತೋನ ಬಟ್ಟೆಗೆ ಕೈ ಹಾಕ್ತೀರಾ? ಹಾಕಿ."

ಎಸೆನ್‌ಕುಲನ ಕೈ ಗಾಳಿಯಲ್ಲೇ ನಿಂತಿತು. ಮೇಲೆ ಐವತ್ತು ಜನ ನಿಂತಿದ್ದರು. ಶವದ ಜತೆ ಜಗ್ಗಾಡಿದ ಸದ್ದು ಕೇಳಿದರೆ ಏನೆಂದು ಹೇಳುವುದು? ನಾಳೆ ಬಂದು ಗೋರಿ ತೆಗೆಯಿರೆಂದು ಯಾವ ಬಾಯಲ್ಲಿ ಕೇಳುವುದು, ಜಿಪಾರಳ ಹತ್ತಿರ? ಕೈ ತಾನಾಗಿಯೇ ಮಡಿಲಿಗೆ ಬಂತು.

"ನೀನೇ ಕೊಂದೆ ಅವನನ್ನ."

"ನಾನು ಚಹಾ ಬಡಿಸಿದೆ," ಎಂದ ಶರ್ಶೆನ್. ಮೊದಲ ಸಲ ಅವನ ದನಿ ಒಡೆಯಿತು. "ಸಾಕ್ಷಿ ಹೇಳಬೇಡಿ ಅಂತ ಕೈಮುಗಿದೆ. ಹೇಳೇ ಹೇಳ್ತೀನಿ ಅಂದ್ರು. ಎದ್ದು ಬಂದೆ. ಮುಕಾಶ್ ಬಾಯ್ಕೆ ಬದುಕಿದ್ರು ಆಗ. ಬೈತಾ ಇದ್ರು ನನ್ನ. ಒಲೆಯ ಹೊಗೆ ಕೊಳವೆಯ ತಗಡು ಮುಚ್ಚಿದ್ದು ನಾನಲ್ಲ."

"ಮತ್ಯಾರು?"

"ಶರ್ಶೆನ್!" ಮೇಲಿನಿಂದ ಯಾರೋ ಕೂಗಿದರು. "ಏನ್ರಪ್ಪ, ಅಲ್ಲೇ ಮಲಗಿಬಿಟ್ರಾ? ಇಟ್ಟಿಗೆ ಇಳಿಸೋದಾ?"

"ಇಳಿಸಿ!" ಎಂದು ಶರ್ಶೆನ್ ಕೂಗಿ ಹೇಳಿದ. ಆಮೇಲೆ ಎಸೆನ್‌ಕುಲನ ಕಿವಿಯ ಹತ್ತಿರ ಬಂದ. ಉಸಿರು ಹಸಿ ಈರುಳ್ಳಿಯ ವಾಸನೆ ಹೊಡೆಯುತ್ತಿತ್ತು. "ಅರ್ಜಿ ವಾಪಸ್ ತಗೊಳ್ಳಿ ಬಾಯ್ಕೆ. ನಾನು ಹೆದರಿಸ್ತಿಲ್ಲ. ನಾನೇ ಹೆದರಿದೀನಿ. ತಗಡು ಮುಚ್ಚಿದೋರು ನನ್ನ ಮಾತೂ ಕೇಳೋಲ್ಲ."

ಅವನು ತೂತಿನಿಂದ ಹೊರಗೆ ತೆವಳಿದ. ಕೋಣೆ ಪೂರ್ತಿ ಕತ್ತಲಾಯಿತು. ಆ ಕತ್ತಲಲ್ಲಿ ಎಸೆನ್‌ಕುಲ್ ಇಟ್ಟಿಗೆಗೆ ಇಟ್ಟಿಗೆ ತಾಗಿದ ಸದ್ದು ಕೇಳಿದ. ಒಂದು, ಮತ್ತೊಂದು. ತಾನಿನ್ನೂ ಒಳಗಿರುವಾಗಲೇ ಕಟ್ಟುತ್ತಿದ್ದಾರೆಂದು ಅವನಿಗನ್ನಿಸಿತು. ಕೈಕಾಲು ಎಲ್ಲವನ್ನೂ ಬಳಸಿ ತೂತಿನ ಕಡೆ ನುಗ್ಗಿ, ತಲೆಯನ್ನು ಮಣ್ಣಿಗೆ ಜಜ್ಜಿಕೊಂಡು ಹೊರಗೆ ಬಿದ್ದ.

ಶರ್ಶೆನ್ ಗುಂಡಿಯಲ್ಲಿ ನಿಂತು, ಮೇಲಿನಿಂದ ಬಂದ ಇಟ್ಟಿಗೆಗಳನ್ನು ಒಂದರ ಮೇಲೊಂದು ಪಕ್ಕಕ್ಕೆ ಜೋಡಿಸಿಕೊಳ್ಳುತ್ತಿದ್ದ, ಅಷ್ಟೆ. ಮೇಲೆ ನಿಂತವರಲ್ಲಿ ಒಬ್ಬ ಕಿಸಕ್ಕೆಂದ. "ನೋಡ್ರೋ, ಮೊಲ ಬಿಲದಿಂದ ಹೊರಗೆ ಬಂತು." ಸಾವಿನ ಜಾಗವೆಂದು ಯಾರೂ ಜೋರಾಗಿ ನಗಲಿಲ್ಲ.

ಎಸೆನ್‌ಕುಲ್ ತನ್ನ ಹಿಡಿ ಮಣ್ಣನ್ನು ಹಾಕಿದ. ಶರ್ಶೆನ್ ಹಾಕಿದ. ತೆಮಿರ್‌ಖಾನ್ ಹಾಕಿದ. ಮುಲ್ಲಾ ಕೇಳಿದ, ಹೇಗಿದ್ದ ಈ ಮನುಷ್ಯ? ಒಳ್ಳೆಯ ಮನುಷ್ಯ, ಎಂದಿತು ಇಡೀ ಗುಡ್ಡ.

*

ವಾಪಸು ಬರುವಾಗ ಎಸೆನ್‌ಕುಲ್ ಬೇಕೆಂತಲೇ ಗುಂಪಿನ ನಡುವೆ ನಡೆದ. ಮುಂದೆ ಶರ್ಶೆನ್‌ನ ಬೆನ್ನು, ಪಕ್ಕದಲ್ಲಿ ತೆಮಿರ್‌ಖಾನನ ಏದುಸಿರು. ಇಬ್ಬರೂ ಕಣ್ಣ ಮುಂದೆಯೇ ಇದ್ದಾರೆ ಎಂಬುದೊಂದು ಸಮಾಧಾನ. ಬೂರುಲ್‌ಗೆ ಏನು ಹೇಳಬೇಕೆಂದು ತಲೆಯಲ್ಲಿ ಜೋಡಿಸಿಕೊಳ್ಳುತ್ತಿದ್ದ. ತಗಡು ಮುಚ್ಚಿದವರು ಬೇರೆ ಯಾರೋ ಅಂತೆ ಎಜೆ, ಅವನು ಸುಳ್ಳು ಹೇಳ್ತಾನೆ ಅಲ್ವಾ? ಅವಳು ಒಂದು ಬೈಗುಳ ಬೈದು, ಹೌದು ಸುಳ್ಳು, ಎಂದುಬಿಟ್ಟರೆ ಸಾಕಿತ್ತು.

ಅಂಗಳದಲ್ಲಿ ಹೆಂಗಸರು ದೊಡ್ಡ ಬಾಣಲೆಯಲ್ಲಿ ಹಿಟ್ಟಿನ ತುಂಡುಗಳನ್ನು ಕರಿಯುತ್ತಿದ್ದರು. ಎಣ್ಣೆಯ ಹೊಗೆ ಬೀದಿಯವರೆಗೆ ಬರುತ್ತಿತ್ತು. ಗುಡಾರದಲ್ಲಿ ಜಿಪಾರ್ ಈಗ ಅಳುತ್ತಿರಲಿಲ್ಲ.

"ಬೂರುಲ್ ಎಜೆ ಎಲ್ಲಿ?" ಎಂದು ಒಬ್ಬಳನ್ನು ಕೇಳಿದ.

"ಒಳಗಿದಾರೆ. ಆ ಕೋಣೇಲಿ. ನೀವು ಹೋದಾಗಿಂದ ಹೊರಗೇ ಬಂದಿಲ್ಲ."

"ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ? ಗಂಡಸರೆಲ್ಲ ಗುಡ್ಡದ ಮೇಲೆ ಇದ್ರಿ. ಇಲ್ಲಿ ನಾವು ಹೆಂಗಸರೇ."

ಹೊಸ್ತಿಲ ಹತ್ತಿರ ಬೂರುಲ್‌ಳ ಕಂಬಳಿ ಬೂಟುಗಳು ಒಂದರ ಪಕ್ಕ ಒಂದು ನಿಂತಿದ್ದವು. ಎಡಗಾಲಿನದಕ್ಕೆ ಕೆಂಪು ರಬ್ಬರಿನ ತೇಪೆ. ಇಂಥ ತೇಪೆ ಇಡೀ ಜಿಲ್ಲೆಯಲ್ಲಿ ಅವಳೊಬ್ಬಳದೇ. ಎಸೆನ್‌ಕುಲನಿಗೆ ಜೀವ ಬಂದಂತಾಯಿತು.

"ಎಜೆ," ಎಂದು ಬಾಗಿಲು ನೂಕಿದ.

ಕೋಣೆ ಖಾಲಿಯಿತ್ತು. ಗಿಡ್ಡ ಮೇಜು ಒದ್ದೆಯಾಗಿ ಹೊಳೆಯುತ್ತಿತ್ತು, ಯಾರೋ ಈಗಷ್ಟೇ ಒರೆಸಿದ ಹಾಗೆ. ಎರಡು ಬಟ್ಟಲುಗಳನ್ನೂ ತೊಳೆದು ಬೋರಲು ಹಾಕಿದ್ದರು. ಹಿತ್ತಲ ಕಡೆಯ ಕಿಟಕಿ ಪೂರ್ತಿ ತೆರೆದುಕೊಂಡು ಪರದೆ ಹೊರಕ್ಕೆ ಹಾರುತ್ತಿತ್ತು.

ಅವನು ಕಿಟಕಿಯಿಂದ ಬಗ್ಗಿ ನೋಡಿದ. ಹಿಮದಲ್ಲಿ ಬರೀ ಕಾಲುಚೀಲದ ದೊಡ್ಡ ಹೆಜ್ಜೆಗಳು ಕೊಟ್ಟಿಗೆಯವರೆಗೆ ಹೋಗಿದ್ದವು. ಅವುಗಳ ಎರಡೂ ಬದಿಗೆ ಇನ್ನೆರಡು ಜೊತೆ ಹೆಜ್ಜೆಗಳು. ಸಣ್ಣವು, ಹಿಮ್ಮಡಿ ಚೂಪಾಗಿದ್ದವು. ಗಂಡಸರ ಬೂಟಿನ ಗುರುತಲ್ಲ. ಕೊಟ್ಟಿಗೆಯ ಆಚೆಗೆ ಕಾರಿನ ಗಾಲಿಯ ಗುರುತು ಮಾತ್ರ ಇತ್ತು.

ಎದುರು ಕಿಟಕಿಯಾಚೆ, ಅಂಗಳದಲ್ಲಿ ಶರ್ಶೆನ್ ಕೈ ತೊಳೆಯುತ್ತಿದ್ದ. ತೆಮಿರ್‌ಖಾನ್ ಟವೆಲ್ಲಿಗಾಗಿ ಕಾಯುತ್ತಿದ್ದ. ಇಬ್ಬರೂ ಅವನ ಕಣ್ಣಿನಿಂದ ಒಂದು ಗಳಿಗೆಯೂ ಮರೆಯಾಗಿರಲಿಲ್ಲ. ಶರ್ಶೆನ್ ಸುಳ್ಳು ಹೇಳಿರಲಿಲ್ಲ, ತಗಡು ಮುಚ್ಚಿದವರು ಬೇರೆಯೇ ಇದ್ದರು.

ಎಸೆನ್‌ಕುಲ್ ಕಿಟಕಿಯ ಚೌಕಟ್ಟು ಹಿಡಿದು ನಿಂತ. ಬೆಳ್ಳಿ ಪದಕ ಮುಕಾಶನ ಜತೆ ಮಣ್ಣಿನಡಿ. ನಕ್ಷತ್ರ ಬೂರುಲ್‌ಳ ಜತೆ. ಬೂರುಲ್ ಇಲ್ಲ. ಮೊನ್ನೆಯಿಂದ ಹೋದದ್ದು ಪದಕ ಎರಡು, ಸಾಕ್ಷಿ ಎರಡು, ಎಜೆ ಒಬ್ಬಳು.